ಕುರ್ತಾ ಎಲ್ಲಿಗೆ ನಿಲ್ಲಬೇಕು, ಸೆರಗು ಎಷ್ಟು ಇಳಿಯಬೇಕು?

ಪ್ರಶ್ನೆ: ನನ್ನ ಎತ್ತರ 5 ಅಡಿ. ಎದೆ 34, ಸೊಂಟ 30, ಹಿಪ್ 40 ಇಂಚು. ಮೇಲ್ಭಾಗ ಸಣ್ಣ, ಕೆಳಗೆ ದಪ್ಪ, ಕಾಲು ಗಿಡ್ಡ. ಆಫೀಸಿಗೆ ಕುರ್ತಾ, ಮದುವೆ-ಹಬ್ಬಗಳಿಗೆ ಸೀರೆ. ಆನ್‌ಲೈನ್‌ನಲ್ಲಿ ಮಾಡೆಲ್ ಮೇಲೆ ಚೆಂದ ಕಂಡ ಕುರ್ತಾ ನನ್ನ ಮೈಮೇಲೆ ನೈಟಿಯಂತೆ ಕಾಣುತ್ತದೆ. ಸೀರೆ ಉಟ್ಟರೆ ಹೊಟ್ಟೆಯ ಹತ್ತಿರ ಬಟ್ಟೆಯ ಗಂಟು. ಹೀಲ್ಸ್ ಹಾಕುವುದಿಲ್ಲ. ಎಲ್ಲರೂ ‘ಅಡ್ಡಗೆರೆ ಬೇಡ, ಕಪ್ಪು ಹಾಕು’ ಅನ್ನುತ್ತಾರೆ. ನಿಜಕ್ಕೂ ಏನು ಮಾಡಬೇಕು? (ಓದುಗರು, ದಾವಣಗೆರೆ)

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ದಪ್ಪ, ಗಿಡ್ಡ ಎಂಬ ಮಾತುಗಳೇ ಮುಂದೆ ನಿಂತಿವೆ. ನಿಜವಾದ ತೊಂದರೆ ಬಟ್ಟೆಯ ಅಂಚುಗಳದು. ಬಟ್ಟೆ ಮುಗಿಯುವ ಕಡೆ, ಬಣ್ಣ ಬದಲಾಗುವ ಕಡೆ, ಬಾರ್ಡರ್ ಬರುವ ಕಡೆ ಮೈಮೇಲೆ ಒಂದು ಅಡ್ಡಗೆರೆ ಬೀಳುತ್ತದೆ. ನೋಡುವವರ ಕಣ್ಣು ಮೊದಲು ಹೋಗುವುದೇ ಆ ಗೆರೆಗೆ. ಅದು ಮೈಯ ಅಗಲವಾದ ಜಾಗದಲ್ಲಿ ಬಿದ್ದರೆ ಅಲ್ಲಿ ಇನ್ನೂ ಅಗಲ ಕಾಣುತ್ತೀರಿ, ಸಪೂರ ಜಾಗದಲ್ಲಿ ಬಿದ್ದರೆ ಸಪೂರ ಕಾಣುತ್ತೀರಿ. ಹಾಗಾಗಿ ಮೊದಲು ಬೇಕಾಗಿರುವುದು ಎದೆ-ಸೊಂಟದ ಸುತ್ತಳತೆಗಿಂತ ನೆಲದಿಂದ ಮೇಲಕ್ಕೆ ಅಳೆದ ಎತ್ತರಗಳು.

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಬೇರೊಬ್ಬರ ಕೈಯಲ್ಲಿ ಟೇಪು ಕೊಡಿ. ಸ್ವಂತ ಅಳೆಯಲು ಬಗ್ಗಿದರೆ ಇಂಚು ಎರಡಿಂಚು ತಪ್ಪುತ್ತದೆ. ಸೊಂಟ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಒಂದು ದಾರ ಕಟ್ಟಿ ಎಡಕ್ಕೆ, ಬಲಕ್ಕೆ ಬಾಗಿ. ಅದು ತಾನಾಗಿ ಸರಿದು ನಿಲ್ಲುವ ಜಾಗವೇ ಸೊಂಟ. ಸಾಮಾನ್ಯವಾಗಿ ಇದು ಹೊಕ್ಕುಳಿಗಿಂತ ಸ್ವಲ್ಪ ಮೇಲಿರುತ್ತದೆ. 5 ಅಡಿ ಎತ್ತರದ, ಕಾಲು ತುಸು ಗಿಡ್ಡ ಇರುವವರಲ್ಲಿ ಕತ್ತಿನ ಬುಡದ ಭುಜ ನೆಲದಿಂದ ಸುಮಾರು 50 ಇಂಚಿನಲ್ಲಿರುತ್ತದೆ, ಸೊಂಟ 36, ಹಿಪ್‌ನ ಅತಿ ಅಗಲವಾದ ಜಾಗ 29, ಮಂಡಿಚಿಪ್ಪಿನ ನಡುಭಾಗ 16, ಮೀನಖಂಡದ ದಪ್ಪ ಭಾಗ 11, ಪಾದದ ಗಂಟಿನ ಮೇಲಿನ ಸಪೂರ ಜಾಗ 4 ಇಂಚು. ಕೆಳಗಿನ ಲೆಕ್ಕವೆಲ್ಲ ಇದೇ ಅಳತೆಯ ಮೇಲೆ ಹಾಕಿದ್ದು. ನಿಮ್ಮ ಟೇಪು ಬೇರೆ ಹೇಳಿದರೆ ಅಷ್ಟೇ ಇಂಚು ಆಚೀಚೆ ಮಾಡಿಕೊಳ್ಳಿ.

ಈಗ ನಿಮ್ಮ ‘ನೈಟಿ’ಯ ಲೆಕ್ಕ. ರೆಡಿಮೇಡ್ ಕುರ್ತಾದ ಉದ್ದ ಬಹುಪಾಲು 44ರಿಂದ 46 ಇಂಚು ಇರುತ್ತದೆ. ಎದೆಯ ಉಬ್ಬಿನ ಮೇಲೆ ಹಾದು ಇಳಿಯುವುದರಿಂದ ಒಂದು ಇಂಚು ಕಳೆಯಿರಿ. 46ರ ಕುರ್ತಾ ನಿಮ್ಮ ಮೇಲೆ ನೆಲದಿಂದ ಬರೀ 5 ಇಂಚು ಮೇಲೆ ನಿಲ್ಲುತ್ತದೆ. 5 ಅಡಿ 7 ಇಂಚಿನ ಮಾಡೆಲ್‌ಗೆ ಅದೇ ಕುರ್ತಾ ಮೀನಖಂಡದ ಮಟ್ಟಕ್ಕೆ ನಿಂತು, ಕೆಳಗೆ ಪ್ಯಾಂಟು ಚೆನ್ನಾಗಿ ಕಾಣಿಸುತ್ತದೆ. ನಿಮ್ಮಲ್ಲಿ ಪ್ಯಾಂಟು ಕಾಣಿಸುವುದೇ ಇಲ್ಲ. ಕುರ್ತಾ ಕೆಟ್ಟದ್ದಲ್ಲ, ಬೇರೆಯವರ ಎತ್ತರಕ್ಕೆ ಕತ್ತರಿಸಿದ್ದು, ಅಷ್ಟೆ.

ಉದ್ದ ಇಳಿಸಿದರೆ ಆಯಿತು ಎಂದು ಅನೇಕರು 38 ಅಥವಾ 40 ಇಂಚಿಗೆ ನಿಲ್ಲಿಸಿಬಿಡುತ್ತಾರೆ. ಗಿಡ್ಡ ಇರುವವರಿಗೆ ಅದಕ್ಕಿಂತ ಕೆಟ್ಟ ಉದ್ದ ಬೇರೆ ಇಲ್ಲ. ಅಂಚು ನೆಲದಿಂದ 11–13 ಇಂಚಿನಲ್ಲಿ, ಸರಿಯಾಗಿ ಮೀನಖಂಡದ ದಪ್ಪಕ್ಕೆ ಬಂದು ಕೂರುತ್ತದೆ. ನಿಮಗೆ ಹೊಂದುವ ಉದ್ದಗಳು ಮೂರು. 36 ಇಂಚು ಇಟ್ಟರೆ ಅಂಚು ಮಂಡಿಚಿಪ್ಪಿನ ನಡುಭಾಗಕ್ಕಿಂತ ಒಂದಿಂಚು ಕೆಳಗೆ, ಕಾಲು ಸಪೂರವಾಗುವಲ್ಲಿ ನಿಲ್ಲುತ್ತದೆ. ಆಫೀಸಿಗೆ ಇದು ಒಳ್ಳೆಯದು. 31 ಇಂಚಿನದು ತೊಡೆ ಸಣ್ಣಗಾಗುತ್ತ ಬರುವಲ್ಲಿ ನಿಲ್ಲುತ್ತದೆ. ಕುರ್ತಾ ಹಾಕಿಯೇ ಕಾಲು ಉದ್ದ ಕಾಣಬೇಕೆಂಬುದು ನಿಮ್ಮ ಮುಖ್ಯ ಆಸೆಯಾದರೆ ನನ್ನ ಓಟು ಇದಕ್ಕೆ. ಭುಜದಿಂದ ನೆಲದವರೆಗಿನ ಎತ್ತರದಲ್ಲಿ ಮೇಲೆ ಐದರಲ್ಲಿ ಮೂರು ಪಾಲು, ಕೆಳಗೆ ಎರಡು ಪಾಲು ಸಿಗುತ್ತದೆ. ಮೂರನೆಯದು ಸೊಂಟಕ್ಕೆ ನಿಲ್ಲುವ 15–16 ಇಂಚಿನ ಟಾಪು ಮತ್ತು ಸೊಂಟದ ಮೇಲೆ ಕೂರುವ ಪ್ಯಾಂಟು. ಇದನ್ನು ಎಲ್ಲರೂ ಎಲ್ಲ ಕಡೆ ಹಾಕಿಕೊಳ್ಳಲಾರರು. ಆದರೆ ಕಾಲು ಅತಿ ಉದ್ದ ಕಾಣುವುದು ಇದರಲ್ಲೇ. ಬಿಡಬೇಕಾದ್ದು 22ರ ಆಸುಪಾಸಿನ ಟಾಪು. ‘ಹಿಪ್ ಮುಚ್ಚುತ್ತದೆ’ ಎಂದು ಕೊಳ್ಳುವ ಆ ಉದ್ದದ ಅಂಚು ಕೂರುವುದೇ ಹಿಪ್‌ನ ಅತಿ ಅಗಲದ ಮೇಲೆ.

ಕಾಟನ್ ಬಟ್ಟೆ ಹೊಲಿಸುವುದಾದರೆ ಕತ್ತರಿ ಹಾಕುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ ಕೊಡಿ. ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. 36 ಇಂಚಿನಲ್ಲಿ ಅದು ಒಂದರಿಂದ ಒಂದೂಮುಕ್ಕಾಲು ಇಂಚು. ಮಂಡಿಯ ಕೆಳಗೆ ನಿಲ್ಲಬೇಕಾದ್ದು ಒಗೆದ ಮೇಲೆ ಮಂಡಿಯ ಮೇಲೇ ಬಂದು ಕೂರುತ್ತದೆ. ಜೊತೆಗೆ ಕೆಳಗಿನ ಮಡಿಕೆಯಲ್ಲಿ ಎರಡಿಂಚು ಬಟ್ಟೆ ಬಿಡಲು ಟೈಲರ್‌ಗೆ ಹೇಳಿ.

ಇನ್ನು ಸೈಜು. ಎದೆಗೂ ಹಿಪ್‌ಗೂ ನಿಮ್ಮಲ್ಲಿ 6 ಇಂಚು ಅಂತರ ಇದೆ. ನೇರ ಕಟ್‌ನ ರೆಡಿಮೇಡ್ ಕುರ್ತಾಗಳಲ್ಲಿ ಆ ಅಂತರ ಅಷ್ಟು ಇರುವುದಿಲ್ಲ. ಹಾಗಾಗಿ ಎದೆ ನೋಡಿ ಕೊಂಡರೆ ಹಿಪ್ ಬಿಗಿ, ಹಿಪ್ ನೋಡಿ ಕೊಂಡರೆ ಭುಜ ತೋಳಿಗೆ ಜಾರುತ್ತದೆ. ಭುಜ ಒಂದಿಂಚು ಇಳಿದರೂ ಮೇಲ್ಭಾಗ ಸೋತಂತೆ ಕಾಣುತ್ತದೆ, ಹಿಪ್ ಇನ್ನೂ ಎದ್ದು ತೋರುತ್ತದೆ. ಪಕ್ಕದ ಹೊಲಿಗೆ ಹಿಡಿಸುವುದು ಸುಲಭದ ಕೆಲಸ. ಭುಜ ಸರಿಮಾಡಲು ತೋಳು ಬಿಚ್ಚಬೇಕು, ಕಂಕುಳ ಸುತ್ತಳತೆ ಬದಲಾಗುತ್ತದೆ, ಅರ್ಧಕ್ಕರ್ಧ ಸಲ ತೋಳು ಎತ್ತಿದಾಗ ಎಳೆಯುತ್ತದೆ. ಆದ್ದರಿಂದ ಭುಜಕ್ಕೆ ಸರಿಹೊಂದುವ ಸೈಜನ್ನೇ ಕೊಳ್ಳಿ, ಆದರೆ ಎ-ಲೈನ್ ಕಟ್ ಆರಿಸಿ. ಎದೆಯ ಕೆಳಗಿಂದ ನಿಧಾನ ಅಗಲವಾಗುತ್ತ ಹೋಗುವುದರಿಂದ ಹಿಪ್‌ಗೆ ಬೇಕಾದ ಜಾಗ ತಾನಾಗಿ ಸಿಗುತ್ತದೆ. ಹಿಗ್ಗದ ಬಟ್ಟೆಯಾದರೆ ಹಿಪ್‌ನಲ್ಲಿ ಕುರ್ತಾದ ಸುತ್ತಳತೆ 44 ಇಂಚು ಇರಬೇಕು, ಅಂದರೆ ಮೈಗಿಂತ 4 ಇಂಚು ಲೂಸ್. ಕೆಳ ಅಂಚಿನಲ್ಲಿ 50–54 ಇಂಚು ಘೇರು (ಸುತ್ತಳತೆ) ಸಾಕು. ಅದಕ್ಕಿಂತ ಹೆಚ್ಚಾದರೆ ಅನಾರ್ಕಲಿಯ ಕಡೆ ಹೋಗುತ್ತದೆ, ನಿಮ್ಮ ಎತ್ತರಕ್ಕೆ ಬಟ್ಟೆಯ ಭಾರ ಹೆಚ್ಚು.

ನೇರ ಕಟ್ಟೇ ಬೇಕೆಂದರೆ ಪಕ್ಕದ ಸ್ಲಿಟ್ ನೋಡಿಕೊಳ್ಳಿ. ನಿಮ್ಮ ಹಿಪ್‌ನ ಅಗಲವಾದ ಜಾಗ ಭುಜದಿಂದ ಎದೆಯ ಮೇಲೆ ಹಾದು 22 ಇಂಚಿಗೆ ಬರುತ್ತದೆ. ಸ್ಲಿಟ್ 20 ಇಂಚಿಗೆ ತೆರೆದುಕೊಂಡರೆ ಬಟ್ಟೆ ಹಿಪ್ ಮೇಲೆ ಎಳೆಯದೆ ಇಳಿಯುತ್ತದೆ. 24ಕ್ಕೆ ಇಟ್ಟರೆ ಕೂತಾಗ ಹೊಲಿಗೆ ಬಿಡುವುದು ಅಲ್ಲೇ. ಸುಮ್ಮನೆ ನಿಂತಾಗ ಸ್ಲಿಟ್ಟಿನ ಎರಡೂ ಅಂಚು ಒಂದಕ್ಕೊಂದು ತಾಕಿಕೊಂಡು ನೇರ ಇಳಿಯಬೇಕು. ತ್ರಿಕೋನದಂತೆ ಬಾಯಿ ಬಿಟ್ಟರೆ ಹಿಪ್‌ನಲ್ಲಿ ಬಟ್ಟೆ ಕಡಿಮೆಯಿದೆ ಎಂದರ್ಥ. ಸ್ಲಿಟ್ ಮೇಲೆ ಏರಿಸಿದರೂ ಅದು ಸರಿಹೋಗುವುದಿಲ್ಲ, ಪಕ್ಕದ ಹೊಲಿಗೆಯನ್ನೇ ಬಿಡಿಸಬೇಕು.

ಮನೆಯಲ್ಲಿರುವ ಉದ್ದ ಕುರ್ತಾಗಳನ್ನು ಕೆಳಗೆ ಕತ್ತರಿಸಿದರೆ ಉದ್ದವೇನೋ ಸರಿಯಾಗುತ್ತದೆ. ಆದರೆ ಎತ್ತರದವರಿಗೆಂದು ಮಾಡಿದ ಕುರ್ತಾದಲ್ಲಿ ಸೊಂಟದ ತಿರುವು ನಿಮ್ಮ ಸೊಂಟಕ್ಕಿಂತ ಕೆಳಗಿರುತ್ತದೆ. ಅಲ್ಲಿ ಬಟ್ಟೆ ಸಣ್ಣಗಾಗುತ್ತದೆ, ನಿಮ್ಮ ಮೈ ಅಗಲವಾಗುತ್ತಿರುತ್ತದೆ. ಅದಕ್ಕೇ ಕುರ್ತಾ ಮೇಲೇರಿ ಹೊಟ್ಟೆಯ ಮೇಲೆ ಸುಕ್ಕುಗಟ್ಟುವುದು. ನಿಮ್ಮ ಸೊಂಟ ಭುಜದಿಂದ ಎದೆಯ ಮೇಲೆ ಹಾದು 15 ಇಂಚಿಗೆ ಬರುತ್ತದೆ. ತಿರುವನ್ನು 14ಕ್ಕೆ ಹಿಡಿಸಿ. ಒಂದಿಂಚು ಮೇಲಿಟ್ಟರೆ ಕಾಲು ಅಲ್ಲಿಂದಲೇ ಶುರುವಾದಂತೆ ಕಾಣುತ್ತದೆ. ಎರಡಿಂಚಿಗಿಂತ ಮೇಲೆ ಬೇಡ, ಬಸುರಿ ಬಟ್ಟೆಯ ಹಾಗಾಗುತ್ತದೆ. ಕೆಳಗೆ ಬಾರ್ಡರ್ ಅಥವಾ ಕಸೂತಿ ಇದ್ದು, ನಡುವೆ ಅಡ್ಡ ಜೋಡಣೆ ಇರುವ ಉಡುಪಾದರೆ ಕೆಳಗೆ ಕತ್ತರಿಸಲೇಬೇಡಿ. ಆ ಜೋಡಣೆ ಬಿಚ್ಚಿಸಿ ಅಲ್ಲಿಂದಲೇ ಉದ್ದ ತೆಗೆಸಿ. ಲೆಹೆಂಗಾಕ್ಕೂ ಇದೇ ದಾರಿ, ಮೇಲಿನ ಪಟ್ಟಿ ಬಿಚ್ಚಿ ಬಟ್ಟೆ ತೆಗೆದು ಮತ್ತೆ ಪಟ್ಟಿ ಕೂರಿಸಬೇಕು.

ಪ್ಯಾಂಟಿನ ವಿಷಯ ಚಿಕ್ಕದು. ಮೇಲೆ ಘೇರಿದ್ದರೆ ಕೆಳಗೆ ಸಪೂರ, ಕೆಳಗೆ ಅಗಲವಿದ್ದರೆ ಮೇಲೆ ಮೈಗೆ ಹತ್ತಿರ. ಎ-ಲೈನ್ ಕುರ್ತಾದ ಕೆಳಗೆ ಪಲಾಝೋ (ಅಗಲ ಕಾಲಿನ ಪ್ಯಾಂಟು) ಹಾಕಿದರೆ ಎರಡು ಘೇರು ಒಂದರ ಮೇಲೊಂದು ಬಂದು ನೀವು ಕಾಣೆಯಾಗುತ್ತೀರಿ. 36ರ ಕುರ್ತಾಕ್ಕೆ ಪಾದದ ಗಂಟಿಗೆ ನಿಲ್ಲುವ, ಕೆಳಗೆ 13–14 ಇಂಚು ಸುತ್ತಳತೆಯ ನೇರ ಪ್ಯಾಂಟು ಚೆಂದ. ಚೂಡಿದಾರವಾದರೆ ಗಂಟಿನ ಬಳಿ ಸುರುಳಿಗೆಂದು ಇಡುವ ಹೆಚ್ಚುವರಿ ಉದ್ದ 4–5 ಇಂಚು ದಾಟಬಾರದು. ಸುರುಳಿ ಏರಿದಷ್ಟೂ ಕಾಲು ಮೋಟಾಗುತ್ತದೆ. ಪಲಾಝೋ ಇಷ್ಟವಾದರೆ 15 ಇಂಚಿನ ಟಾಪಿನ ಕೆಳಗೆ ಹಾಕಿ, ಚಪ್ಪಲಿ ಹಾಕಿದಾಗ ನೆಲದಿಂದ ಅರ್ಧ ಇಂಚು ಮೇಲಿರಲಿ. ಗಂಟಿಗೆ ಸುತ್ತಿ ಬಕಲ್ ಹಾಕುವ ಚಪ್ಪಲಿ ಬೇಡ, ಪಾದದ ಮೇಲ್ಭಾಗ ತೆರೆದಿರುವುದು ಇರಲಿ.

ಮೇಲ್ಭಾಗಕ್ಕೆ ಅಗಲ ಕೊಟ್ಟರೆ ಹಿಪ್ ತಾನಾಗಿ ಹೊಂದಿಕೊಳ್ಳುತ್ತದೆ. ಹಿಪ್ ಮುಚ್ಚಲು ಒದ್ದಾಡುವವರು ಇದನ್ನೇ ಮರೆಯುತ್ತಾರೆ. ಆಳವಾದ ವಿ-ನೆಕ್ ಎಲ್ಲರಿಗೂ ಒಳ್ಳೆಯದು ಎನ್ನುತ್ತಾರೆ. ಅದು ಮೇಲ್ಭಾಗವನ್ನು ಉದ್ದ ಮಾಡುತ್ತದೆ, ನಿಮಗೆ ಬೇಕಿರುವುದು ಉದ್ದವಲ್ಲ, ಅಗಲ. ಬೋಟ್ ನೆಕ್ (ಭುಜದ ಕಡೆಗೆ ಅಗಲವಾಗಿ ತೆರೆದ ಕತ್ತು) ಅಥವಾ ಚೌಕ ನೆಕ್ ಹೇಳಿ. ನಿಮ್ಮ ಭುಜ ಸುಮಾರು 13½–14 ಇಂಚು ಇದ್ದರೆ ಬೋಟ್ ನೆಕ್ಕಿನ ಅಗಲ 8½–9, ಮುಂದೆ ಆಳ 4. ಹಿಂದಿನ ಕತ್ತನ್ನೂ ಆಳ ಇಳಿಸಿದರೆ ಹಿಡಿದುಕೊಳ್ಳುವ ಜಾಗವಿಲ್ಲದೆ ಇಡೀ ಕುರ್ತಾ ಒಂದು ಕಡೆ ಜಾರುತ್ತದೆ. ಹಿಂದೆ 3 ಇಂಚಿಗೆ ನಿಲ್ಲಿಸಿ. ತೋಳಿನ ಬುಡದಲ್ಲಿ ಸಣ್ಣ ಪಫ್ ಇದ್ದರೆ ಇನ್ನೂ ಒಳ್ಳೆಯದು.

ತೋಳಿನ ತುದಿಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕೈ ಕೆಳಗೆ ಬಿಟ್ಟು ನಿಂತಾಗ ತೋಳಿನ ತುದಿ ಮೈಯ ಯಾವ ಮಟ್ಟಕ್ಕೆ ಬರುತ್ತದೋ ಅಲ್ಲಿ ಮೈಯ ಅಗಲಕ್ಕೆ ಅದೂ ಸೇರಿಕೊಳ್ಳುತ್ತದೆ. 5–6 ಇಂಚಿನ ತೋಳು ಎದೆಯ ಮಟ್ಟಕ್ಕೆ ನಿಲ್ಲುತ್ತದೆ. ಎದೆ ತುಂಬಿದವರಿಗೆ ಇದು ಬೇಡ ಎನ್ನುವುದುಂಟು, ನಿಮಗೆ ಇದೇ ಬೇಕು, ಅಂಚಿನಲ್ಲಿ ಜರಿ ಪಟ್ಟಿಯಿದ್ದರೂ ಸರಿಯೇ. ಪೂರ್ತಿ ತೋಳಿನ ತುದಿ ಮಣಿಕಟ್ಟಿಗೆ, ಅಂದರೆ ಸರಿಯಾಗಿ ಹಿಪ್‌ನ ಅಗಲದ ಪಕ್ಕಕ್ಕೆ ಬರುತ್ತದೆ. ಹಾಗಾಗಿ ಪೂರ್ತಿ ತೋಳು ಸಪೂರವಾಗಿದ್ದರೆ ಮಾತ್ರ ಹೊಲಿಸಿ, ತುದಿಯಲ್ಲಿ ಗಂಟೆಯಂತೆ ಅರಳುವ ತೋಳು ನಿಮಗಲ್ಲ. ಆಫೀಸಿನ ಸ್ಲಿಂಗ್ ಬ್ಯಾಗನ್ನೂ ನೋಡಿಕೊಳ್ಳಿ. ಪಟ್ಟಿ ಉದ್ದವಾಗಿ ಹಿಪ್ ಮೇಲೆ ತೂಗುತ್ತಿದ್ದರೆ ಸೊಂಟದ ಮೇಲಕ್ಕೆ ಎಳೆದುಕೊಳ್ಳಿ, ಖರ್ಚಿಲ್ಲದ ಕೆಲಸ.

ಈಗ ಸೀರೆ. ಸೀರೆಯ ಪನ್ನ (ಬಟ್ಟೆಯ ಅಗಲ) 45–47 ಇಂಚು ಇರುತ್ತದೆ, ನಿಮ್ಮ ಸೊಂಟದಿಂದ ನೆಲಕ್ಕೆ 36. ಹತ್ತು ಇಂಚು ಬಟ್ಟೆ ಒಳಗೆ ಹೋಗಬೇಕು. ನೆರಿಗೆಯಲ್ಲಂತೂ ಒಂದರ ಮೇಲೊಂದು ಹದಿನಾಲ್ಕು ಪದರ. ಹೊಟ್ಟೆಯ ಮುಂದಿನ ಗಂಟು ಇದೇ. ಮೊದಲು ಒಳಲಂಗವನ್ನು ಸೊಂಟಕ್ಕಿಂತ ಒಂದಿಂಚು ಮೇಲೆ ಕಟ್ಟಿ, ಲಾಡಿಯ ಗಂಟು ಮುಂದೆ ಬರದೆ ಪಕ್ಕಕ್ಕೆ ಬರಲಿ. ನೆರಿಗೆ ಹಿಡಿದ ಲಂಗದ ಬದಲು ಆರು ಪೀಸಿನ ಕಾಟನ್ ಲಂಗ ಹೊಲಿಸಿ, ಅದರ ಕೆಳ ಅಂಚು ಸೀರೆಗಿಂತ ಒಂದಿಂಚು ಮೇಲಿರಲಿ. ಸ್ಯಾಟಿನ್ ಲಂಗದ ಮೇಲೆ ಸೀರೆ ನಿಲ್ಲುವುದಿಲ್ಲ, ಜಾರುತ್ತದೆ. ಹಾಕಿಕೊಳ್ಳುವ ಚಪ್ಪಲಿ ಮೆಟ್ಟಿಯೇ ಉಡಲು ಶುರು ಮಾಡಿ. ಮೊದಲ ಸುತ್ತಿನ ಬಟ್ಟೆಯನ್ನು ಉಂಡೆಯಾಗಿ ತುರುಕದೆ, ಅಂಗೈಯಿಂದ ಒಳಗೆ ಚಪ್ಪಟೆಯಾಗಿ ಇಳಿಸುತ್ತ ಹೋಗಿ. ಮುಗಿದ ಮೇಲೆ ಲಂಗದ ಕೆಳಗಿನಿಂದ ಕೈಹಾಕಿ ಒಳಗಿನ ಬಟ್ಟೆಯನ್ನು ನೇರಕ್ಕೆ ಎಳೆದರೆ ಅರ್ಧ ಉಬ್ಬು ಅಲ್ಲೇ ಇಳಿಯುತ್ತದೆ. ನೆರಿಗೆಯನ್ನು ಒಂದೇ ಜಾಗಕ್ಕೆ ಸಿಕ್ಕಿಸದೆ, ಪಿನ್ ಹಾಕಿ, ಹೊಕ್ಕುಳಿಂದ ಎಡಕ್ಕೆ 5 ಇಂಚಿನಷ್ಟು ಅಗಲಕ್ಕೆ ಹರಡಿ ಸಿಕ್ಕಿಸಿ. ಪನ್ನ ಹೆಚ್ಚಾಯಿತೆಂದು ಮೇಲಂಚು ಕತ್ತರಿಸುವವರೂ ಇದ್ದಾರೆ. ಬೇಡ, ಸೆರಗಿನಲ್ಲಿ ಕತ್ತಿನ ಪಕ್ಕಕ್ಕೆ ಬರುವುದು ಅದೇ ಅಂಚು.

ನೆರಿಗೆ ಎಷ್ಟು? ಬ್ಲೌಸ್ ಪೀಸು ತೆಗೆದ ಮೇಲೆ ಸೀರೆ ಐದೂವರೆ ಮೀಟರ್, ಅಂದರೆ ಸುಮಾರು 216 ಇಂಚು. 5 ಇಂಚಿನ ಒಂದು ನೆರಿಗೆಗೆ 10 ಇಂಚು ಬಟ್ಟೆ ಹೋಗುತ್ತದೆ, ಏಳಕ್ಕೆ 70. ಮೊದಲ ಸುತ್ತಿಗೆ 42, ನೆರಿಗೆಯ ನಂತರದ ಸುತ್ತಿಗೆ 42, ಎದೆ ದಾಟಿ ಭುಜಕ್ಕೆ 28. ಉಳಿಯುವ 34 ಇಂಚು ಬೆನ್ನ ಹಿಂದೆ ಇಳಿದರೆ ಸೆರಗಿನ ತುದಿ ಸರಿಯಾಗಿ ಮಂಡಿಯ ಹಿಂದಕ್ಕೆ ನಿಲ್ಲುತ್ತದೆ. ನಿಮ್ಮ ಎತ್ತರಕ್ಕೆ ಹೊಂದುವ ಸೆರಗು ಇದು. ಸೆರಗು ಮೋಟಾಗಿ ಹಿಪ್ ಮೇಲೆ ನಿಂತರೆ ಒಂದು ನೆರಿಗೆ ಕಡಿಮೆ ಮಾಡಿ, 10 ಇಂಚು ಸಿಗುತ್ತದೆ. ಭುಜದ ಮೇಲೆ ಸೆರಗನ್ನು 4–5 ಇಂಚು ಅಗಲಕ್ಕೆ ಮಡಚಿ, ಕತ್ತಿನ ಕಡೆಗಲ್ಲ, ಭುಜದ ತುದಿಯ ಕಡೆಗೆ ಪಿನ್ ಹಾಕಿ. ಬೋಟ್ ನೆಕ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಕೊಡವರ ರೀತಿಯಲ್ಲಿ ಉಡುವ ಆಸೆಯಿದ್ದರೆ ನೆನಪಿರಲಿ, ಅದರಲ್ಲಿ ನೆರಿಗೆ ಹಿಂದಕ್ಕೆ ಬರುತ್ತದೆ. ತೆಳು ಸೀರೆ ಆರಿಸಿ.

ದಡಿಯ ಅಗಲ ಅಂಗಡಿಯಲ್ಲಿ ಹಾಸಿದಾಗ ಗೊತ್ತಾಗುವುದಿಲ್ಲ. ಉಟ್ಟಾಗ ಕಾಣುವ 37 ಇಂಚಿನಲ್ಲಿ 9 ಇಂಚಿನ ದಡಿ ಕಾಲು ಭಾಗ ತಿಂದುಬಿಡುತ್ತದೆ, ಕಾಲು ಮೀನಖಂಡದ ಹತ್ತಿರ ಕತ್ತರಿಸಿದಂತಾಗುತ್ತದೆ. 2ರಿಂದ 4 ಇಂಚು ಹಿತ. ಇಳಕಲ್ ಸೀರೆಯ ಅಗಲ ದಡಿ ಬೇಕೇ ಬೇಕೆಂದರೆ ಒಡಲಿಗೂ ದಡಿಗೂ ಬಣ್ಣ ಹತ್ತಿರವಿರುವುದನ್ನು ನೋಡಿ, ಮೆರೂನ್ ಒಡಲಿಗೆ ಕೆಂಪು ದಡಿಯ ಹಾಗೆ. ಗೆರೆ ಎದ್ದು ಕಾಣದಿದ್ದರೆ 5–6 ಇಂಚೂ ತೊಂದರೆ ಕೊಡದು. ಬಟ್ಟೆಯಲ್ಲಿ ಮೈಸೂರು ಸಿಲ್ಕ್ ಕ್ರೇಪ್ ನಿಮಗೆ ಒಪ್ಪುತ್ತದೆ, ನೆರಿಗೆ ಕೆಳಕ್ಕೆ ಇಳಿಯುತ್ತದೆ, ಉಬ್ಬುವುದಿಲ್ಲ. ಆರ್ಗಾನ್ಝಾ, ಟಿಶ್ಯೂ, ಗಂಜಿ ಹೆಚ್ಚಾದ ಕಾಟನ್ ಇವೆಲ್ಲ ಮೈಯಿಂದ ದೂರ ನಿಲ್ಲುತ್ತವೆ. ಬ್ಲೌಸಿನ ಉದ್ದ 13 ಇಟ್ಟರೆ ಸೀರೆಗೂ ಅದಕ್ಕೂ ಒಂದಿಂಚು ಅಂತರ ಬರುತ್ತದೆ. ಅಷ್ಟೇ ಸಾಕು. ಅಂತರ ಮೂರು-ನಾಲ್ಕು ಇಂಚಾದರೆ ಮೈ ಮೂರು ತುಂಡಾಗುತ್ತದೆ.

ಅಡ್ಡಗೆರೆಗೆ ಹೆದರಬೇಡಿ. ಅಡ್ಡಗೆರೆ ತುಂಬಿದ ಚೌಕ, ಉದ್ದಗೆರೆ ತುಂಬಿದ ಚೌಕಕ್ಕಿಂತ ಎತ್ತರವಾಗಿ, ಸಪೂರವಾಗಿ ಕಾಣುತ್ತದೆ ಎಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ತೋರಿಸಿದ್ದರು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಮತ್ತು ಕಿರಿಯಾಕಿ ಮಿಕೆಲ್ಲಿಡೌ 2011ರಲ್ಲಿ ಬಟ್ಟೆ ತೊಟ್ಟ ಹೆಂಗಸರ ಚಿತ್ರಗಳಲ್ಲಿ ಇದನ್ನು ಪರೀಕ್ಷಿಸಿ, ಅಡ್ಡಗೆರೆ ದಪ್ಪ ಕಾಣಿಸುವುದಿಲ್ಲ ಎಂದು ಪ್ರಕಟಿಸಿದರು. ಮೈತುಂಬ ಸಣ್ಣ ಅಡ್ಡಗೆರೆ ಇರುವ ಕುರ್ತಾ ಧಾರಾಳವಾಗಿ ಹಾಕಿ. ಕೆಡುಕು ಮಾಡುವುದು ಹಿಪ್ ಮೇಲೆ ಬಂದು ಕೂರುವ ಒಂಟಿ ಗೆರೆ. ಕಪ್ಪಿನ ಮಾತೂ ಹೀಗೆಯೇ. ಕಪ್ಪು ಕುರ್ತಾ, ಬಿಳಿ ಲೆಗ್ಗಿಂಗ್ ಹಾಕಿದರೆ ಮಧ್ಯದಲ್ಲಿ ಕಡಿದಂತೆ. ಕುರ್ತಾ-ಪ್ಯಾಂಟು ಎರಡೂ ನೀಲಿಯ ಛಾಯೆಗಳಾದರೆ ತಲೆಯಿಂದ ಪಾದಕ್ಕೆ ಒಂದೇ ಓಟ. ಬೇರೆ ಬಣ್ಣವನ್ನು ದುಪಟ್ಟಾಕ್ಕೆ ಬಿಡಿ, ಒಂದೇ ಭುಜದ ಮೇಲೆ ಮಡಚಿ ಉದ್ದಕ್ಕೆ ಇಳಿಬಿಡಿ.

ಯಾವುದನ್ನಾದರೂ ಕತ್ತರಿಸುವ ಮೊದಲು ಪಿನ್ನು ಹಾಕಿ ನೋಡಿ. ಕುರ್ತಾ ತೊಟ್ಟು, ಅಂಚನ್ನು 36ಕ್ಕೊಮ್ಮೆ, 31ಕ್ಕೊಮ್ಮೆ ಒಳಮಡಚಿ ಪಿನ್ ಹಾಕಿ, ಫೋಟೊ ತೆಗೆಸಿ. ಫೋನು ನಿಮ್ಮ ಸೊಂಟದ ಎತ್ತರಕ್ಕಿರಬೇಕು, 8–10 ಅಡಿ ದೂರವಿರಬೇಕು. ನಿಂತವರು ಕಣ್ಣಿನ ಎತ್ತರದಿಂದ ಹತ್ತಿರ ತೆಗೆದರೆ ಯಾರ ಕಾಲೂ ಗಿಡ್ಡವೇ. ಗೋಡೆಯಲ್ಲಿ ಮೇಲೆ ತೂಗುಹಾಕಿ ಮುಂದಕ್ಕೆ ಬಾಗಿಸಿದ ಕನ್ನಡಿಯನ್ನೂ ನಂಬಬೇಡಿ. ಪಕ್ಕದಿಂದಲೂ ಒಂದು ತೆಗೆಸಿ. ಕುರ್ತಾ ಹಿಂದೆ ಮೇಲೇರಿ ಮುಂದೆ ಇಳಿದಿದ್ದರೆ ಹಿಪ್‌ನಲ್ಲಿ ಬಟ್ಟೆ ಸಾಲದು. ಅಂಥದ್ದರ ಉದ್ದಕ್ಕೆ ಕತ್ತರಿ ಹಾಕುವ ಮೊದಲು ಪಕ್ಕದ ಹೊಲಿಗೆಯ ಒಳಗೆ ಬಿಡಿಸಲು ಬಟ್ಟೆ ಉಳಿದಿದೆಯೇ ನೋಡಿ. ಇಲ್ಲದಿದ್ದರೆ ಆಲ್ಟ್ರೇಷನ್‌ಗೆ ದುಡ್ಡು ಹಾಕದೆ ವಾಪಸ್ ಕಳಿಸಿ.